ಮೂರು ಸಲ ಇಳಿಯಲು ಹೋಗಿ ಇಳಿಯಲಾಗದ ವಿಮಾನ: ಹೂಸ್ಟನ್‌ನ ಒಂದು ಪ್ರಕರಣ

ಹಾರಾಟ ಕಲಿಯಲು ಬಂದವರನ್ನು ಮೊದಲ ಸೋಲೋಗೆ, ಅಂದರೆ ಒಬ್ಬರೇ ಹಾರುವುದಕ್ಕೆ, ಬಿಡುವ ಮುಂಚೆ ನಾನು ಒಂದು ಮಧ್ಯಾಹ್ನ ಎದುರಿಗೆ ಕೂರಿಸಿಕೊಳ್ಳುತ್ತೇನೆ. ಅವತ್ತು ವಿಮಾನ ಹತ್ತುವುದಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್, ಎರಡು ಲೋಟ ಕಾಫಿ. ಹಾಳೆಯ ಮೇಲೆ ಎರಡು ಗೆರೆ ಎಳೆಯುತ್ತೇನೆ. ಅವು ಅಮೆರಿಕದ ಟೆಕ್ಸಸ್ ರಾಜ್ಯದ ಹೂಸ್ಟನ್‌ನಲ್ಲಿರುವ ಹಾಬಿ ವಿಮಾನ ನಿಲ್ದಾಣದ ಎರಡು ರನ್‌ವೇಗಳು. 2016ರ ಜೂನ್ ತಿಂಗಳ ಒಂದು ಮಧ್ಯಾಹ್ನ ಅಲ್ಲಿ ಒಂದು ಪುಟ್ಟ ವಿಮಾನ ಮೂರು ಸಲ ಇಳಿಯಲು ಹೋಯಿತು, ಮೂರು ಸಲವೂ ಇಳಿಯಲಾಗದೆ ಮೇಲೆದ್ದಿತು. ಮೂರನೇ ಸಲ ಮೇಲೇಳುವಾಗ ಹತ್ತಿರದ ಅಂಗಡಿಯೊಂದರ ಪಾರ್ಕಿಂಗ್ ಜಾಗಕ್ಕೆ ಬಿತ್ತು. ಒಳಗಿದ್ದ ಮೂವರೂ ತೀರಿಕೊಂಡರು. ಕೆಳಗೆ ನಿಂತಿದ್ದ ಒಂದು ಕಾರು ಜಖಂ ಆಯಿತು, ಅದರಲ್ಲಿ ಯಾರೂ ಇರಲಿಲ್ಲ.

ಪೈಲಟ್ ಯಾರು, ಜೊತೆಗಿದ್ದ ಇಬ್ಬರು ಯಾರು, ವಿಮಾನಗಳಿಗೆ ದಾರಿ ಹೇಳುವ ಟವರ್‌ನಲ್ಲಿ ಕೂತಿದ್ದವರು ಯಾರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಬೇಕಾಗಿಯೂ ಇಲ್ಲ. ಆ ಸೀಟಿನಲ್ಲಿ ನಾನಿರಬಹುದಿತ್ತು, ನನ್ನ ಹತ್ತಿರ ಕಲಿತ ಯಾರಾದರೂ ಇರಬಹುದಿತ್ತು. ಅದಕ್ಕೇ ಈ ಪ್ರಕರಣ ನನ್ನನ್ನು ಬಿಡುವುದಿಲ್ಲ.

ಯಾವ ವಿಮಾನ, ಎಂಥ ದಿನ

ವಿಮಾನ ಸಿರಸ್ ಎಸ್‌ಆರ್20. ಒಂದೇ ಎಂಜಿನ್, ನಾಲ್ಕು ಸೀಟು. ಚಕ್ರಗಳು ಒಳಗೆ ಮಡಚಿಕೊಳ್ಳುವುದಿಲ್ಲ. ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಶೂಟ್ ಇದರಲ್ಲಿದೆ, ಅದಕ್ಕೇ ಈ ಕಂಪನಿಯ ವಿಮಾನಗಳು ಹೆಸರುವಾಸಿ. ಪೈಲಟ್‌ಗೆ ಖಾಸಗಿ ಲೈಸೆನ್ಸ್ ಇತ್ತು. ಮುನ್ನೂರು ಗಂಟೆಗಿಂತ ಸ್ವಲ್ಪ ಜಾಸ್ತಿ ಹಾರಿದ ಅನುಭವ ಇತ್ತು. ತೀರಾ ಹೊಸಬರಲ್ಲ, ಹಾಗಂತ ಪಳಗಿದವರೂ ಅಲ್ಲ. ಒಂಟಿಯಾಗಿ ದೂರ ಹೋಗಿ ಬರುವ ಧೈರ್ಯ ಬಂದಿರುತ್ತದೆ, ಆದರೆ ದೊಡ್ಡ ನಿಲ್ದಾಣದ ಗದ್ದಲ ಇನ್ನೂ ರೂಢಿಯಾಗಿರುವುದಿಲ್ಲ, ಅಂಥ ಹಂತ ಅದು.

ಓಕ್ಲಹೋಮಾ ರಾಜ್ಯದಿಂದ ಹೊರಟು ಸುಮಾರು 650 ಕಿಲೋಮೀಟರ್ ದಾಟಿ ಹೂಸ್ಟನ್‌ಗೆ ಬಂದಿದ್ದರು. ಆಕಾಶ ಚೆನ್ನಾಗಿತ್ತು. ಮೋಡದ ತೊಂದರೆ ಇಲ್ಲ, ಎಂಜಿನ್‌ಗೆ ಏನೂ ಆಗಿಲ್ಲ. ಗಾಳಿ ಮಾತ್ರ ಪೂರ್ವದಿಂದ ಬೀಸುತ್ತಿತ್ತು: 13 ನಾಟ್, ಬೀಸಿ ಬಂದಾಗ 18 ನಾಟ್. ನಮ್ಮ ಲೆಕ್ಕದಲ್ಲಿ ಗಂಟೆಗೆ 24ರಿಂದ 33 ಕಿಲೋಮೀಟರ್. ಚಿಕ್ಕ ವಿಮಾನಕ್ಕೆ ಇದು ಅಪಾಯದ ಗಾಳಿ ಅಲ್ಲ. ಆದರೆ ಕೈಕಾಲಿಗೆ ಕೆಲಸ ಕೊಡುವ ಗಾಳಿ.

ಹಾಬಿ ನಿಲ್ದಾಣ ಹೂಸ್ಟನ್‌ನ ಎರಡನೇ ದೊಡ್ಡ ನಿಲ್ದಾಣ. ಬೋಯಿಂಗ್ 737 ವಿಮಾನಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಚಿಕ್ಕ ವಿಮಾನಗಳಿಗೂ ಅಲ್ಲಿ ಇಳಿಯಲು ಅವಕಾಶ ಇದೆ. ಸುತ್ತಮುತ್ತ ಪಿಯರ್‌ಲ್ಯಾಂಡ್, ಎಲಿಂಗ್ಟನ್ ಎಂಬ ಬೇರೆ ನಿಲ್ದಾಣಗಳೂ ಇವೆ, ವಿಮಾನದಲ್ಲಿ ಕೆಲವೇ ನಿಮಿಷದ ದಾರಿ. ಪಟ್ಟಣದ ಒಳಗೆ ಕೆಲಸ ಇದ್ದವರು ಹತ್ತಿರದ ನಿಲ್ದಾಣ ಆರಿಸಿಕೊಳ್ಳುವುದು ಸಹಜ. ಆ ಆಯ್ಕೆಯನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಹಾಬಿಯನ್ನು ಆರಿಸಿಕೊಂಡ ಕ್ಷಣದಲ್ಲೇ ಅವರು 737ಗಳ ಸಾಲಿನಲ್ಲಿ ಬಂದು ನಿಂತರು. 737 ಇಳಿಯುವ ದಾರಿಯಲ್ಲಿ ಸುಮಾರು 130-140 ನಾಟ್ ವೇಗದಲ್ಲಿ ಬರುತ್ತದೆ. ಎಸ್‌ಆರ್20 ಕೊನೆಯ ಹಂತದಲ್ಲಿ 80ರ ಆಸುಪಾಸು. ಹೈವೇಯಲ್ಲಿ ವೋಲ್ವೋ ಬಸ್ಸಿನ ಮುಂದೆ ಮೊಪೆಡ್ ಹೋದ ಹಾಗೆ.

ಮೊದಲ ಪ್ರಯತ್ನ

ನಾಲ್ಕನೇ ರನ್‌ವೇಗೆ ಇಳಿಯಿರಿ ಎಂದು ಹೇಳಲಾಗಿತ್ತು. ಹಿಂದೆ 737 ಬರುತ್ತಿದೆ, ಸಾಧ್ಯವಾದಷ್ಟು ವೇಗ ಇಟ್ಟುಕೊಳ್ಳಿ ಎಂದೂ ಹೇಳಲಾಗಿತ್ತು. ಪೈಲಟ್ ಒಪ್ಪಿದರು.

ಮೊದಲ ಬಾರಿ ಸಾಲಿನ ಪೆಟ್ಟು ಬಿದ್ದದ್ದು ಇಲ್ಲಿ. ಇಳಿಯುವ ವಿಮಾನ ನಿಧಾನ ಆಗಬೇಕು. ವೇಗ ಇಟ್ಟುಕೊಂಡು ಬಾ ಎಂದರೆ ಫ್ಲ್ಯಾಪ್ (ರೆಕ್ಕೆಯ ಹಿಂದಿನ ಹಲಗೆ) ಬಿಡುವುದು, ವೇಗ ಇಳಿಸುವುದು, ಎತ್ತರ ಸರಿಮಾಡಿಕೊಳ್ಳುವುದು ಎಲ್ಲವೂ ಕೊನೆಯ ಅರ್ಧ ನಿಮಿಷಕ್ಕೆ ಹೋಗಿ ಕೂರುತ್ತವೆ. ಅಭ್ಯಾಸ ಇದ್ದವರು ಮಾಡುತ್ತಾರೆ. ಅಭ್ಯಾಸ ಇಲ್ಲದವರು ವಿಮಾನದ ಹಿಂದೆ ಓಡುತ್ತಿರುತ್ತಾರೆ.

ಹಿಂದಿನ 737 ತೀರಾ ಹತ್ತಿರ ಬಂತು. ಟವರ್ ಚಿಕ್ಕ ವಿಮಾನಕ್ಕೆ ಗೋ ಅರೌಂಡ್ ಹೇಳಿತು. ಅಂದರೆ ಇಳಿಯಬೇಡ, ಪೂರ್ತಿ ಶಕ್ತಿ ಕೊಟ್ಟು ಮೇಲೇಳು, ಸುತ್ತಿ ಬಾ. ಇದರಲ್ಲಿ ಪೈಲಟ್‌ದು ಏನೂ ತಪ್ಪಿಲ್ಲ. ಆದರೂ ಇಷ್ಟು ದೂರ ಬಂದು, ರನ್‌ವೇ ಕಣ್ಣೆದುರಿಗೆ ಇದ್ದು, ಇಳಿಯಲಾಗದೆ ಹೋಗುವುದು ಮನಸ್ಸಿಗೆ ಸಣ್ಣ ಏಟೇ. ಜೊತೆಗೆ ಮನೆಯವರು ಕೂತಿದ್ದಾರೆ. ಕೈ ಸ್ವಲ್ಪ ಬಿಗಿಯಾಗುತ್ತದೆ, ಉಸಿರು ಮೇಲೆ ಬರುತ್ತದೆ. ಇದು ನನಗೂ ಆಗಿದೆ.

35ನೇ ರನ್‌ವೇ

ಮೇಲೆದ್ದ ಮೇಲೆ ಟವರ್ ಬೇರೆ ರನ್‌ವೇ ಕೊಟ್ಟಿತು. 35ಕ್ಕೆ ಇಳಿಯಬಹುದಾ ಎಂದು ಕೇಳಿತು, ಗಾಳಿ ಎಷ್ಟಿದೆ ಎಂದೂ ಹೇಳಿತು. ಪೈಲಟ್ ಸರಿ ಎಂದರು.

ಈ ಒಂದು 'ಸರಿ'ಯ ಮೇಲೆ ನಾನು ಹಾಳೆಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಇಲ್ಲೂ ನಿಲ್ಲುತ್ತೇನೆ.

ರನ್‌ವೇಯ ಸಂಖ್ಯೆಗೆ ಒಂದು ಸೊನ್ನೆ ಸೇರಿಸಿದರೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದು ಸಿಗುತ್ತದೆ. ನಾಲ್ಕು ಎಂದರೆ 40 ಡಿಗ್ರಿ. 35 ಎಂದರೆ 350. ಗಾಳಿ ಬರುತ್ತಿದ್ದದ್ದು 90ರಿಂದ, ಅಂದರೆ ಪೂರ್ವದಿಂದ. ನಾಲ್ಕಕ್ಕೂ ಗಾಳಿಗೂ ನಡುವೆ 50 ಡಿಗ್ರಿ ಕೋನ. ಅಡ್ಡಗಾಳಿ ಸುಮಾರು 10 ನಾಟ್, ಬೀಸಿ ಬಂದಾಗ 14. ಸ್ವಲ್ಪ ಎದುರುಗಾಳಿಯೂ ಸಿಗುತ್ತದೆ, ಅದು ಇಳಿಯಲು ಸಹಾಯ. 35ಕ್ಕೆ ಬಂದರೆ ಕೋನ 100 ಡಿಗ್ರಿ. ಗಾಳಿ ಪೂರ್ತಿ ಅಡ್ಡ, 13ರಿಂದ 18 ನಾಟ್. ಮೇಲಾಗಿ ಹಿಂದಿನಿಂದ ಎರಡು ಮೂರು ನಾಟ್ ತಳ್ಳುತ್ತದೆ. ಅಂದರೆ ಕಷ್ಟದ ರನ್‌ವೇ ತಪ್ಪಿದ ಮೇಲೆ ಸಿಕ್ಕಿದ್ದು ಇನ್ನೂ ಕಷ್ಟದ ರನ್‌ವೇ. 737ಗಳ ಸಾಲಿನಿಂದ ಚಿಕ್ಕ ವಿಮಾನವನ್ನು ಪಕ್ಕಕ್ಕೆ ಸರಿಸಲು ಟವರ್‌ಗೆ 35 ಅನುಕೂಲ. ಪೈಲಟ್‌ಗೆ ಅನುಕೂಲವಾ ಅನ್ನುವುದು ಬೇರೆ ಪ್ರಶ್ನೆ.

ಅದೇ ನಿಲ್ದಾಣದಲ್ಲಿ ಆಗ 12 ಎಂಬ ದಿಕ್ಕಿನ ರನ್‌ವೇ ಕೂಡ ಇತ್ತು. ಗಾಳಿಗೂ ಅದಕ್ಕೂ 30 ಡಿಗ್ರಿ ಅಷ್ಟೇ ವ್ಯತ್ಯಾಸ. ಕೇಳಿದ್ದರೆ ಕೊಡುತ್ತಿದ್ದರೋ ಇಲ್ಲವೋ, ಕೇಳುವ ಹಕ್ಕು ಮಾತ್ರ ಪೈಲಟ್‌ಗೆ ಪೂರ್ತಿ ಇತ್ತು. ಆದರೆ ಆ ಲೆಕ್ಕ ಮಾಡಲು ಬೇಕಾಗಿದ್ದು ಅರ್ಧ ನಿಮಿಷದ ಸಮಾಧಾನ. ಒಂದು ಕೈಯಲ್ಲಿ ವಿಮಾನ ಹಾರಿಸುತ್ತಾ, ಕಿವಿಯಲ್ಲಿ ಟವರ್ ಮಾತು ಕೇಳುತ್ತಾ, ಕಣ್ಣಿನಲ್ಲಿ 737 ಹುಡುಕುತ್ತಾ ಇರುವವರಿಗೆ ಆ ಅರ್ಧ ನಿಮಿಷ ಎಲ್ಲಿಂದ ಬರಬೇಕು?

ನಡುವೆ ಯಾವ ರನ್‌ವೇ, ಯಾರ ಹಿಂದೆ ಬರಬೇಕು ಎಂಬ ಬಗ್ಗೆ ರೇಡಿಯೋದಲ್ಲಿ ಗೊಂದಲವೂ ಆಯಿತು. ಒಬ್ಬರು ಕೇಳಿದ್ದು ಒಂದು, ಇನ್ನೊಬ್ಬರಿಗೆ ಅರ್ಥವಾಗಿದ್ದು ಇನ್ನೊಂದು. ಧ್ವನಿಗಳು ಮಾತ್ರ ಎರಡೂ ಕಡೆ ಮೃದುವಾಗಿಯೇ ಇದ್ದವು. ಟವರ್‌ನವರು ಗದರಲಿಲ್ಲ. ಸಹಾಯ ಮಾಡಲು ನೋಡಿದರು. ಪೈಲಟ್ ಕೂಡ ವಿನಯದಿಂದಲೇ ಉತ್ತರ ಕೊಟ್ಟರು. ಗದರುವವರಿಗೆ ಎದುರು ನಿಲ್ಲುವುದು ಒಂದು ರೀತಿಯಲ್ಲಿ ಸುಲಭ. ಒಳ್ಳೆಯ ಮಾತಿನಲ್ಲಿ ಕೇಳುವವರಿಗೆ 'ಆಗಲ್ಲ' ಎನ್ನುವುದು ಬಹಳ ಕಷ್ಟ. ನಾವು ಕನ್ನಡದಲ್ಲಿ ದಾಕ್ಷಿಣ್ಯ ಅನ್ನುತ್ತೇವಲ್ಲ, ಅದೇ.

ಎರಡನೆಯದು, ಮೂರನೆಯದು

35ಕ್ಕೆ ಬಂದಾಗ ವಿಮಾನ ತೀರಾ ಎತ್ತರದಲ್ಲಿತ್ತು. ಬಲವಂತ ಮಾಡಿ ಇಳಿಸಬೇಡಿ, ಆಗದಿದ್ದರೆ ಸುತ್ತಿ ಬನ್ನಿ ಎಂಬ ಅರ್ಥದ ಮಾತನ್ನು ಟವರ್ ಕೂಡ ಹೇಳಿತು. ಪೈಲಟ್ ಗೋ ಅರೌಂಡ್ ಮಾಡಿದರು. ಮತ್ತೆ ಬಲಗಡೆಯಿಂದ ಸುತ್ತಿ ಅದೇ 35ಕ್ಕೆ ಬಂದರು. ಮತ್ತೆ ಎತ್ತರ. ಮತ್ತೆ ಗೋ ಅರೌಂಡ್.

ಎರಡು ಸಲವೂ ಎತ್ತರ ಯಾಕೆ ಆಯಿತು? ಪೈಲಟ್‌ಗೆ ಇಳಿಸಲು ಬರುತ್ತಿರಲಿಲ್ಲ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಹಾಳೆಯ ಮೇಲೆ ಗಾಳಿಯ ಬಾಣ ಹಾಕಿ ನೋಡಿದರೆ ಬೇರೆ ಕಾರಣ ಕಾಣುತ್ತದೆ.

35ಕ್ಕೆ ಬಲಗಡೆಯ ಸುತ್ತು ಎಂದರೆ ವಿಮಾನ ರನ್‌ವೇಯ ಪೂರ್ವಕ್ಕೆ ಇರುತ್ತದೆ. ಡೌನ್‌ವಿಂಡ್‌ನಲ್ಲಿ (ರನ್‌ವೇ ಪಕ್ಕದಲ್ಲಿ ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹೋಗುವ ಭಾಗ) ದಕ್ಷಿಣಕ್ಕೆ ಹೋಗಿ, ಬಲಕ್ಕೆ ತಿರುಗಿ ಬೇಸ್‌ನಲ್ಲಿ (ರನ್‌ವೇಗೆ ಅಡ್ಡಲಾಗಿ ಬರುವ ಭಾಗ) ಪಶ್ಚಿಮಕ್ಕೆ ಬಂದು, ಇನ್ನೊಮ್ಮೆ ಬಲಕ್ಕೆ ತಿರುಗಿ ಫೈನಲ್‌ಗೆ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಭಾಗಕ್ಕೆ. ಬೇಸ್‌ನಲ್ಲಿ ಪಶ್ಚಿಮಕ್ಕೆ ಹೋಗುವಾಗ ಪೂರ್ವದ ಗಾಳಿ ಬೆನ್ನಿಗೆ ಬೀಳುತ್ತದೆ, ರನ್‌ವೇ ಕಡೆಗೆ ತಳ್ಳುತ್ತದೆ. ಸುಮ್ನೆ ಒಂದು ಲೆಕ್ಕ ನೋಡಿ. ಬೇಸ್ ಒಂದು ನಾಟಿಕಲ್ ಮೈಲಿ ಉದ್ದ, ವಿಮಾನದ ವೇಗ 90 ನಾಟ್ ಅಂದುಕೊಳ್ಳಿ. ಗಾಳಿ ಇಲ್ಲದ ದಿನ ಅದನ್ನು ದಾಟಲು 40 ಸೆಕೆಂಡ್. 13 ನಾಟ್ ಎದುರುಗಾಳಿ ಇದ್ದರೆ 47 ಸೆಕೆಂಡ್. ಅದೇ ಗಾಳಿ ಬೆನ್ನಿಗಿದ್ದರೆ 35. ನಿಮಿಷಕ್ಕೆ 500 ಅಡಿ ಇಳಿಯುವ ವಿಮಾನಕ್ಕೆ ಎದುರುಗಾಳಿಗೂ ಬೆನ್ನಗಾಳಿಗೂ ನಡುವಿನ ಆ 12 ಸೆಕೆಂಡ್ ಎಂದರೆ 100 ಅಡಿ. ಅಷ್ಟು ಹೆಚ್ಚಿನ ಎತ್ತರ ಹೊತ್ತುಕೊಂಡೇ ಫೈನಲ್‌ಗೆ ಬರುತ್ತೀರಿ. ಫೈನಲ್‌ನಲ್ಲೂ ನಿಧಾನ ಮಾಡಲು ಎದುರುಗಾಳಿ ಇಲ್ಲ, ಸ್ವಲ್ಪ ಹಿಂದಿನಿಂದಲೇ ತಳ್ಳುತ್ತಿದೆ. ಅದರ ಮೇಲೆ ಬೀಸುಗಾಳಿ ಬಂದಾಗಲೆಲ್ಲ ಮೂಗನ್ನು ಗಾಳಿಯ ಕಡೆ ತಿರುಗಿಸಿ ರನ್‌ವೇಯ ನಡುಗೆರೆ ಹಿಡಿಯಬೇಕು.

ಇದಕ್ಕೆ ಪರಿಹಾರ ಇದೆ. ಡೌನ್‌ವಿಂಡ್ ಉದ್ದ ಮಾಡಬೇಕು, ಬೇಗ ಇಳಿಯಲು ಶುರು ಮಾಡಬೇಕು, ರನ್‌ವೇಯಿಂದ ದೂರ ಇರಬೇಕು. ಆದರೆ ಸಾಲಿನಲ್ಲಿ 737ಗಳು ಇರುವಾಗ, ಬೇಗ ಬೇಗ ಎಂಬ ಭಾವನೆ ತಲೆಯಲ್ಲಿ ಕೂತಿರುವಾಗ, ಸುತ್ತು ತಾನಾಗಿ ಚಿಕ್ಕದಾಗುತ್ತದೆ.

ಎರಡನೇ ಪ್ರಯತ್ನ ತಪ್ಪಿದ ಮೇಲೆ ಮೂರನೆಯದು ಹೆಚ್ಚುಕಡಿಮೆ ಅದೇ ರೀತಿಯಲ್ಲಿ ನಡೆಯಿತು. ಅದೇ ರನ್‌ವೇ, ಅದೇ ಗಾಳಿ, ಅದೇ ಬಲಗಡೆಯ ಸುತ್ತು. ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಪೈಲಟ್‌ನ ದಣಿವು ಮಾತ್ರ. ಈಗ ನಾನು ನನ್ನ ವಿದ್ಯಾರ್ಥಿಗಳಿಗೆ ಗೋ ಅರೌಂಡ್ ಆದ ಪ್ರತಿ ಸಲ ಕೇಳುತ್ತೇನೆ: "ಈ ಸಲ ಏನು ಬೇರೆ ಮಾಡ್ತೀಯ?" ಉತ್ತರ ಇಲ್ಲದಿದ್ದರೆ ಇಳಿಯಲು ಹೋಗುವ ಹಾಗಿಲ್ಲ. ಮೇಲೆ ಹೋಗಿ, ಸಮ ಎತ್ತರದಲ್ಲಿ ಒಂದು ಸುತ್ತು ಹಾಕಿ, ನೀರು ಕುಡಿದು, ಉತ್ತರ ಹುಡುಕಿಕೊಂಡು ಬರಬೇಕು.

ಒಂದು ಮಾತು ಹೇಳಲೇಬೇಕು. ಈ ಪೈಲಟ್ ಮೂರು ಸಲವೂ ಬಲವಂತದಿಂದ ವಿಮಾನವನ್ನು ನೆಲಕ್ಕೆ ಒತ್ತಲಿಲ್ಲ. ಎತ್ತರ ಆಗಿದೆ ಎಂದು ಗೊತ್ತಾದಾಗ ಮೂಗು ಕೆಳಗೆ ಮಾಡಿ ಧಾವಿಸಲಿಲ್ಲ. ಚಿಕ್ಕ ವಿಮಾನಗಳು ರನ್‌ವೇ ಮುಗಿದ ಮೇಲೆ ಹೊಲಕ್ಕೆ ನುಗ್ಗುವುದು, ಪುಟಿದು ಪುಟಿದು ಮುಂಚಕ್ರ ಮುರಿದುಕೊಳ್ಳುವುದು ಬಹಳಷ್ಟು ಸಲ ಈ ಬಲವಂತದಿಂದಲೇ. ಎಲ್ಲ ಶಿಕ್ಷಕರೂ ಹೇಳುವುದು ಒಂದೇ, ಅನುಮಾನ ಬಂದರೆ ಗೋ ಅರೌಂಡ್ ಮಾಡು. ಇವರು ಆ ಮಾತನ್ನು ಪಾಲಿಸಿದರು. ಹಾಗಾಗಿ ಈ ಸಾವಿನಿಂದ ಅಷ್ಟೇ ಪಾಠ ತೆಗೆದುಕೊಂಡು ಎದ್ದು ಹೋಗುವ ಹಾಗಿಲ್ಲ.

ಕೊನೆಯ ಕೆಲವು ಸೆಕೆಂಡ್

ಅಷ್ಟರಲ್ಲಿ ಟವರ್‌ನಲ್ಲಿ ಸೀಟು ಬದಲಾಗಿತ್ತು, ಹೊಸ ಕಂಟ್ರೋಲರ್ ಬಂದಿದ್ದರು. ಮೂರನೇ ಗೋ ಅರೌಂಡ್ ಶುರುವಾಗುತ್ತಿದ್ದ ಹಾಗೆ ಅವರಿಂದ ಒಂದು ಉದ್ದದ ಸೂಚನೆ ಬಂತು. ಎಡಕ್ಕೆ ತಿರುಗಿ, ನಾಲ್ಕನೇ ರನ್‌ವೇಯ ಡೌನ್‌ವಿಂಡ್‌ಗೆ ಬನ್ನಿ, ಸುತ್ತು ತಗ್ಗಿನಲ್ಲಿ ಚಿಕ್ಕದಾಗಿರಲಿ, ಬರುತ್ತಿರುವ 737ರ ಮುಂದೆ ನಿಮ್ಮನ್ನು ಇಳಿಸುವ ಯೋಚನೆ ಇದೆ, ಇಲ್ಲವಾದರೆ ಹಿಂದೆ ಹಾಕಬೇಕಾಗಬಹುದು. ಹೀಗಿತ್ತು ಅದರ ಸಾರ.

ಆ ಕ್ಷಣದಲ್ಲಿ ಕಾಕ್‌ಪಿಟ್ ಒಳಗೆ ಏನು ನಡೆಯಬೇಕಿತ್ತು ಅನ್ನುವುದನ್ನು ನೋಡೋಣ. ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಪೂರ್ತಿ ಮುಂದೆ. ಶಕ್ತಿ ಬಂದ ತಕ್ಷಣ ಮೂಗು ಮೇಲೇಳಲು ನೋಡುತ್ತದೆ, ಎಡಕ್ಕೆ ಎಳೆಯುತ್ತದೆ. ಮೂಗನ್ನು ತಡೆದು ಹಿಡಿಯಬೇಕು, ಬಲಗಾಲಿನಿಂದ ರಡರ್ (ಬಾಲದ ಚುಕ್ಕಾಣಿ) ಒತ್ತಬೇಕು. ಫ್ಲ್ಯಾಪ್ ಅರ್ಧಕ್ಕೆ ತರಬೇಕು. ಅಲ್ಲಿ ನಿಲ್ಲಬೇಕು. ವೇಗ ಸಾಕಷ್ಟು ಕೂಡಿಕೊಳ್ಳುವ ತನಕ ಕಾಯಬೇಕು. ಆಮೇಲೆ ಮಾತ್ರ ಉಳಿದರ್ಧ ಎತ್ತಬೇಕು.

ಈ ಕಾಯುವುದು ಯಾಕೆ ಅಂದರೆ, ಫ್ಲ್ಯಾಪ್ ಎಂದರೆ ರೆಕ್ಕೆಯ ಹಿಂದೆ ಕೆಳಗೆ ಬಾಗಿರುವ ಹಲಗೆ. ಅದು ಇದ್ದಾಗ ನಿಧಾನ ವೇಗದಲ್ಲೂ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಅದನ್ನು ಒಳಗೆ ಎಳೆದುಕೊಂಡರೆ ಅದೇ ವೇಗಕ್ಕೆ ರೆಕ್ಕೆಯ ಕೈಲಿ ಎತ್ತಲು ಆಗುವುದಿಲ್ಲ. ಹಾರಾಟದ ದಾಖಲೆ ನೋಡಿದರೆ, ವೇಗ 60 ನಾಟ್ ಆಸುಪಾಸಿನಲ್ಲಿ ಇರುವಾಗಲೇ ಫ್ಲ್ಯಾಪ್ ಪೂರ್ತಿ ಮೇಲೆ ಹೋಗಿತ್ತು. ಫ್ಲ್ಯಾಪ್ ಇಲ್ಲದ ಎಸ್‌ಆರ್20ಗೆ ಆ ವೇಗ ಸಾಲದು. ಅದರ ಮೇಲೆ ತಿರುವು. 45 ಡಿಗ್ರಿ ವಾಲಿಸಿ ತಿರುಗಿದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತಿ ಹಿಡಿಯುವುದನ್ನು ಬಿಟ್ಟುಬಿಡುವ, ವೇಗ ಇನ್ನೂ 19 ಶೇಕಡ ಮೇಲೆ ಹೋಗುತ್ತದೆ. 60 ಡಿಗ್ರಿಗೆ 41 ಶೇಕಡ. ಒಂದು ಕಡೆ ವಿಮಾನದ ವೇಗ ಕಡಿಮೆ ಇದೆ, ಇನ್ನೊಂದು ಕಡೆ ಅದಕ್ಕೆ ಬೇಕಾದ ವೇಗ ಏರುತ್ತಾ ಹೋಗುತ್ತಿದೆ. ಎರಡೂ ಒಂದನ್ನೊಂದು ದಾಟಿದ ಕ್ಷಣದಲ್ಲಿ ವಿಮಾನ ಸ್ಟಾಲ್ ಆಯಿತು, ಗಿರಕಿ ಹೊಡೆಯಿತು.

ಟವರ್‌ನಿಂದ ನೋಡುತ್ತಿದ್ದ ಕಂಟ್ರೋಲರ್ ನೇರ ಮಾಡಿ, ನೇರ ಮಾಡಿ ಎಂದು ಕೂಗಿದರು. ಅಷ್ಟು ಹೊತ್ತಿಗೆ ಆಗಿಹೋಗಿತ್ತು.

ಪ್ಯಾರಾಶೂಟ್ ಇತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ಗಿರಕಿ ಶುರುವಾದ ಮೇಲೆ ಆ ಪ್ಯಾರಾಶೂಟ್ ತೆರೆದು ವಿಮಾನವನ್ನು ಹಿಡಿಯಲು ಸುಮಾರು 920 ಅಡಿ ಬೇಕು ಎಂದು ತಯಾರಕರೇ ತೋರಿಸಿದ್ದಾರೆ. ಗೋ ಅರೌಂಡ್ ಮಾಡುವ ವಿಮಾನದ ಹತ್ತಿರ ಅಷ್ಟು ಎತ್ತರ ಇರುವುದಿಲ್ಲ.

ತನಿಖೆ ಏನು ಹೇಳಿತು

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, ತನಿಖೆ ಮಾಡಿತು. ಮುಖ್ಯ ಕಾರಣ ಎಂದು ಅದು ಹೇಳಿದ್ದು ಗೋ ಅರೌಂಡ್ ಮಾಡಿದ ರೀತಿಯನ್ನು: ಸುರಕ್ಷಿತ ವೇಗ ಬರುವ ಮುಂಚೆ ಫ್ಲ್ಯಾಪ್ ಎತ್ತಿದ್ದು, ಅದರಿಂದ ಸ್ಟಾಲ್ ಮತ್ತು ಸ್ಪಿನ್ (ಗಿರಕಿ) ಆದದ್ದು. ಜೊತೆಗೆ ಮೂರು ವಿಷಯಗಳನ್ನು ಸೇರಿಸಿತು. ಮೊದಲ ಕಂಟ್ರೋಲರ್ ಈ ವಿಮಾನವನ್ನು ನಿಲ್ದಾಣದ ಸುತ್ತಿನಲ್ಲೇ ಇಟ್ಟುಕೊಂಡಿದ್ದು, ಅಂದರೆ ಹೊರಗೆ ಕಳಿಸಿ ಹೊಸದಾಗಿ ಸಾಲು ಹಚ್ಚಿ ತರದೇ ಇದ್ದದ್ದು. ಎರಡನೇ ಕಂಟ್ರೋಲರ್ ಬೇಡದಷ್ಟು ಗೋಜಲಿನ ಸೂಚನೆಯನ್ನು ತೀರಾ ನಾಜೂಕಿನ ಹೊತ್ತಿನಲ್ಲಿ ಕೊಟ್ಟದ್ದು. ಮತ್ತು ಪೈಲಟ್ ತನ್ನ ಮಾತನ್ನು ಗಟ್ಟಿಯಾಗಿ ಹೇಳದೇ ಇದ್ದದ್ದು.

ಕೊನೆಯದನ್ನು ಓದಿದಾಗಲೆಲ್ಲ ನಾನು ತಡೆದು ನಿಲ್ಲುತ್ತೇನೆ. ಸರ್ಕಾರಿ ತನಿಖಾ ವರದಿ ಸಾಮಾನ್ಯವಾಗಿ ವೇಗ, ಕೋನ, ಎತ್ತರದ ಬಗ್ಗೆ ಮಾತಾಡುತ್ತದೆ. ಇಲ್ಲಿ ಅದು ಒಬ್ಬ ಮನುಷ್ಯ 'ಇಲ್ಲ' ಎನ್ನದೇ ಇದ್ದದ್ದರ ಬಗ್ಗೆಯೂ ಮಾತಾಡಿದೆ.

ಕಂಟ್ರೋಲರ್‌ಗಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ನಾನೂ ಮೊದಲ ಸಲ ಓದಿದಾಗ ಮಾಡಿಕೊಂಡೆ. ಆದರೆ ಅವರಿಗೆ ಕಾಕ್‌ಪಿಟ್ ಕಾಣುವುದಿಲ್ಲ. ಪೈಲಟ್‌ನ ಧ್ವನಿ ಒಂದೇ ಅವರಿಗೆ ಸಿಗುವುದು. ಆ ಧ್ವನಿ ಪ್ರತಿ ಸಲ 'ಸರಿ' ಎಂದರೆ ಎಲ್ಲ ಸರಿ ಇದೆ ಎಂದೇ ಅವರು ಅಂದುಕೊಳ್ಳುತ್ತಾರೆ. ಒಂದು ಸಲ 'ನನಗೆ ಕಷ್ಟ ಆಗುತ್ತಿದೆ' ಎಂದಿದ್ದರೆ ಅವರು ಆ ವಿಮಾನವನ್ನು ನೋಡುವ ರೀತಿಯೇ ಬೇರೆ ಆಗುತ್ತಿತ್ತು. 737ಗಳನ್ನು ತಡೆಯುತ್ತಿದ್ದರು, ಉದ್ದದ ಫೈನಲ್ ಕೊಡುತ್ತಿದ್ದರು. ಇದು ಅವರ ದಿನನಿತ್ಯದ ಕೆಲಸ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ದಾಕ್ಷಿಣ್ಯದ ಬಗ್ಗೆ

'ಇಲ್ಲ' ಎನ್ನಲು ರೇಡಿಯೋ ಭಾಷೆಯಲ್ಲಿ ಅದಕ್ಕೆ ಅಂತಲೇ ಒಂದು ಪದ ಇದೆ: ಅನೇಬಲ್, ಅಂದರೆ ನನ್ನಿಂದ ಆಗುವುದಿಲ್ಲ. ಕಾರಣ ಹೇಳಬೇಕಾಗಿಲ್ಲ, ಕ್ಷಮೆ ಕೇಳಬೇಕಾಗಿಲ್ಲ. ಅನೇಬಲ್ ಎಂದರೆ ಮುಗಿಯಿತು, ಟವರ್ ಬೇರೆ ದಾರಿ ಹುಡುಕುತ್ತದೆ. ಇನ್ನೊಂದು ಪದ ಸ್ಟ್ಯಾಂಡ್‌ಬೈ. ತಡೆಯಿರಿ, ಕೈ ತುಂಬಾ ಕೆಲಸ ಇದೆ, ಆಮೇಲೆ ಮಾತಾಡುತ್ತೇನೆ ಅನ್ನುವುದನ್ನೆಲ್ಲ ಆ ಒಂದೇ ಪದ ಹೇಳುತ್ತದೆ. ಅಮೆರಿಕದ ನಿಯಮ ಪುಸ್ತಕದಲ್ಲಿ ವಿಮಾನದ ಕೊನೆಯ ಅಧಿಕಾರ ಪೈಲಟ್‌ದೇ ಎಂದು ಸ್ಪಷ್ಟವಾಗಿ ಬರೆದಿದೆ. ಅಧಿಕಾರ ಕಾಗದದ ಮೇಲೆ ಇರುವುದು ಬೇರೆ, ಬಾಯಲ್ಲಿ ಬರುವುದು ಬೇರೆ.

ನಮ್ಮ ಹುಡುಗರಿಗೆ ಇದು ಇನ್ನೂ ಕಷ್ಟ ಅಂತ ನನಗೆ ಅನ್ನಿಸುತ್ತದೆ. ಹಿರಿಯರು ಹೇಳಿದರೆ ಹೂಂ ಅನ್ನುವುದನ್ನು ಮನೆಯಿಂದಲೇ ಕಲಿತು ಬಂದಿರುತ್ತಾರೆ. ಮೇಷ್ಟ್ರು ಅರ್ಥ ಆಯ್ತಾ ಎಂದರೆ ಆಗದಿದ್ದರೂ ಆಯ್ತು ಸಾರ್. ಟವರ್‌ನ ಧ್ವನಿ ಅವರಿಗೆ ಮೇಷ್ಟ್ರ ಧ್ವನಿಯ ಹಾಗೇ ಕೇಳುತ್ತದೆ. ಮೇಲಾಗಿ ಅದು ಇಂಗ್ಲಿಷ್‌ನಲ್ಲಿ, ವೇಗವಾಗಿ ಬರುತ್ತದೆ. ನಮ್ಮಲ್ಲಿ ಎಷ್ಟೋ ಮಕ್ಕಳು ಸಾಲ ಮಾಡಿಕೊಂಡು ಅಮೆರಿಕಕ್ಕೇ ಹೋಗಿ ಹಾರಾಟ ಕಲಿಯುತ್ತಾರೆ. ಅಲ್ಲಿನ ಕಂಟ್ರೋಲರ್ ಮಾತಾಡುವ ವೇಗಕ್ಕೆ ಕಿವಿ ಒಗ್ಗಲು ತಿಂಗಳುಗಳು ಬೇಕು. ಅರ್ಧ ಅರ್ಥವಾಗಿ, ಉಳಿದರ್ಧವನ್ನು ಊಹೆ ಮಾಡಿ, ರಾಜರ್ (ಕೇಳಿಸಿಕೊಂಡೆ) ಎಂದುಬಿಡುತ್ತಾರೆ. ನಮ್ಮೂರಲ್ಲೇ ಮೈಸೂರಿನ ಮಂಡಕಳ್ಳಿಯಂಥ ಕಡೆ ಕಲಿಯುವವರ ಚಿಕ್ಕ ವಿಮಾನವೂ, ಪ್ರಯಾಣಿಕರನ್ನು ಹೊತ್ತ ದೊಡ್ಡ ವಿಮಾನವೂ ಒಂದೇ ರನ್‌ವೇಯನ್ನು ಬಳಸುತ್ತವೆ. ಹಾಬಿಯ ಗದ್ದಲ ಅಲ್ಲಿಲ್ಲ ನಿಜ. ಆದರೆ 'ದೊಡ್ಡ ವಿಮಾನ ಬರ್ತಿದೆ, ನಾನು ಬೇಗ ದಾರಿ ಬಿಡಬೇಕು' ಎಂಬ ಸಂಕೋಚ ಅಲ್ಲೂ ಇಲ್ಲೂ ಒಂದೇ.

ನಾನು ಕಲಿಯುವಾಗ ಒಂದು ಸಲ ಹೀಗೆ ಬೇಗ ಬಾ ಎಂದರು ಅಂತ ಜೋರಾಗಿ ಬಂದು, ರನ್‌ವೇಯ ಅರ್ಧ ದಾಟಿದ ಮೇಲೆ ಚಕ್ರ ಮುಟ್ಟಿಸಿದ್ದೆ. ಬ್ರೇಕ್ ತುಳಿದು ತುಳಿದು ಕೊನೆಯ ತಿರುವಿನಲ್ಲಿ ನಿಂತಿತು. ಅವತ್ತು ಯಾರೂ ನನ್ನನ್ನು ಬೈಯಲಿಲ್ಲ, ಏನೂ ಆಗಿರಲಿಲ್ಲವಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಯಾಕೆಂದರೆ ನಾನು ಅದನ್ನು ವರ್ಷಗಟ್ಟಲೆ ಜಾಣತನ ಅಂದುಕೊಂಡಿದ್ದೆ.

ಕಲಿಸುವ ರೀತಿಯಲ್ಲಿ ನಾನು ಬದಲಾಯಿಸಿದ್ದು

ಗೋ ಅರೌಂಡ್ ಅನ್ನುವುದನ್ನು ನಾವು ನಿರ್ಧಾರ ಅಂತ ಕಲಿಸುತ್ತೇವೆ. ಧೈರ್ಯವಾಗಿ ಬಿಟ್ಟು ಮೇಲೇಳು ಅನ್ನುತ್ತೇವೆ. ಮೇಲೇಳುವುದು ಕೈಕಾಲಿನ ಕೆಲಸ ಕೂಡ, ಅದಕ್ಕೂ ಇಳಿಯುವಷ್ಟೇ ಅಭ್ಯಾಸ ಬೇಕು ಅನ್ನುವುದನ್ನು ಮರೆಯುತ್ತೇವೆ. ನೂರಾರು ಲ್ಯಾಂಡಿಂಗ್ ಮಾಡಿದವರ ಹತ್ತಿರ ನಿಜವಾದ ಗೋ ಅರೌಂಡ್ ಎಷ್ಟು ಮಾಡಿದ್ದೀರಿ ಎಂದು ಕೇಳಿ, ಬೆರಳಲ್ಲೇ ಎಣಿಸುತ್ತಾರೆ. ಅದೂ ಬಹುಪಾಲು ಶಾಂತವಾದ ಬೆಳಗ್ಗೆ, ಮೊದಲೇ ಹೇಳಿಕೊಂಡು, ನೇರ ಮುಂದಕ್ಕೆ ಏರುತ್ತಾ ಮಾಡಿದ್ದು. ಹಾಬಿಯಲ್ಲಿ ಬೇಕಾಗಿದ್ದು ಬೇರೆಯದೇ: ದಣಿದ ಮೇಲೆ, ಅಡ್ಡಗಾಳಿಯಲ್ಲಿ, ಕಿವಿಯಲ್ಲಿ ಮಾತು ಬೀಳುತ್ತಿರುವಾಗ, ತಿರುಗು ಎನ್ನುತ್ತಿರುವಾಗ.

ಆದ್ದರಿಂದ ಈಗ ನಾನು ಯಾವ ಸುಳಿವೂ ಕೊಡದೆ ಗೋ ಅರೌಂಡ್ ಹೇಳುತ್ತೇನೆ. ಒಂದೊಂದು ಸಲ ಒಂದೇ ಗಂಟೆಯಲ್ಲಿ ನಾಲ್ಕು. ಫ್ಲ್ಯಾಪ್ ಲಿವರ್ ಮೇಲೆ ಕೈ ಇಟ್ಟಾಗಲೆಲ್ಲ ವೇಗ ಎಷ್ಟು ಎಂದು ಜೋರಾಗಿ ಓದಬೇಕು. ಓದದೆ ಎತ್ತಿದರೆ ನಾನು ಅವರ ಕೈ ಹಿಡಿಯುತ್ತೇನೆ. ಮೊದಲು ಹಾರಿಸು, ಆಮೇಲೆ ದಾರಿ ನೋಡು, ಕೊನೆಗೆ ಮಾತಾಡು ಎಂಬುದು ಎಲ್ಲ ಶಾಲೆಯಲ್ಲೂ ಬಾಯಿಪಾಠ ಆಗಿರುತ್ತದೆ. ಕೈಯಲ್ಲಿ ಇದೆಯಾ ಎಂದು ನೋಡಬೇಕೆಂದರೆ ತಪ್ಪು ಹೊತ್ತಿನಲ್ಲಿ ಮಾತಾಡಿಸಿ ನೋಡಬೇಕು.

ಮೊನ್ನೆ ಹಾಸನ ಕಡೆಯ ಹುಡುಗಿಯೊಬ್ಬಳ ಜೊತೆ ಸೆಸ್ನಾ 172ರಲ್ಲಿ ಹೋಗಿದ್ದೆ. ಒಳ್ಳೆಯ ಕೈ, ಆದರೆ ಯಾರು ಏನು ಕೇಳಿದರೂ ತಕ್ಷಣ ಉತ್ತರ ಕೊಡುವ ಸ್ವಭಾವ. ಮೂರನೇ ಸುತ್ತಿನಲ್ಲಿ ಇನ್ನೇನು ಚಕ್ರ ಮುಟ್ಟಬೇಕು ಅನ್ನುವಾಗ ಗೋ ಅರೌಂಡ್ ಎಂದೆ. ಅವಳು ಥ್ರಾಟಲ್ ಒತ್ತಿ ಮೂಗು ಹಿಡಿಯುತ್ತಿದ್ದ ಹಾಗೆ ನಾನೇ ಟವರ್ ಆಗಿ ಇಂಟರ್‌ಕಾಮ್‌ನಲ್ಲಿ ಉದ್ದದ ಸೂಚನೆ ಕೊಟ್ಟೆ, ಎಡಕ್ಕೆ ತಿರುಗು, ಚಿಕ್ಕ ಸುತ್ತು, ಹಿಂದೆ ದೊಡ್ಡ ವಿಮಾನ ಇದೆ, ತಿರುಗ್ತೀಯಾ ಹೇಳು ಅಂತ.

ಉತ್ತರ ಬರಲಿಲ್ಲ. ಅವಳ ಕಣ್ಣು ವೇಗದ ಮುಳ್ಳಿನ ಮೇಲಿತ್ತು. ಫ್ಲ್ಯಾಪ್ ಒಂದು ಹಂತ ಎತ್ತಿದಳು, ಜೋರಾಗಿ ಓದಿದಳು, ಕಾದಳು. ನಾನು ಇನ್ನೊಂದು ಸಲ ಕೇಳಿದೆ, ಸ್ವಲ್ಪ ಬೇಸರದ ಧ್ವನಿ ಮಾಡಿ. "ಸ್ಟ್ಯಾಂಡ್‌ಬೈ" ಎಂದಳು. ಅಷ್ಟೇ. ಉಳಿದ ಫ್ಲ್ಯಾಪ್ ಒಂದೊಂದೇ ಹಂತ ಮೇಲೆ ಹೋಯಿತು. ರನ್‌ವೇಯ ಕೊನೆ ನಮ್ಮ ಕೆಳಗೆ ದಾಟಿತು.

ಇಳಿದು ವಿಮಾನ ಕಟ್ಟಿಹಾಕುವಾಗ ಹತ್ತಿರ ಬಂದಳು. "ಸಾರ್, ನಿಮಗೆ ಉತ್ತರ ಕೊಡೋಕೆ ತುಂಬಾ ತಡ ಮಾಡ್ಬಿಟ್ಟೆ ಅಲ್ವಾ?"

"ಫ್ಲ್ಯಾಪ್ ಪೂರ್ತಿ ಎತ್ತಿದಾಗ ಸ್ಪೀಡ್ ಎಷ್ಟಿತ್ತು?"

"ಎಪ್ಪತ್ನಾಲ್ಕು ಸಾರ್."

ನಾನು ಅವಳ ಲಾಗ್‌ಬುಕ್ ಕೇಳಿ ತೆಗೆದುಕೊಂಡೆ.